ಒಂಬತ್ತನೇ ಅಂಕಿ

ಮಂಚಯ್ಯನವರ ಬ್ಯಾರನ್ನಿನ ಗೋಡೆ ಸುಣ್ಣ ಕಂಡು ಆರು ವರ್ಷವಾಯಿತು. ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆಯನ್ನು ನಮ್ಮ ಗಾವಡಗೆರೆ ಕಡೆ ಎಲ್ಲರೂ ಬ್ಯಾರನ್ ಎಂದೇ ಕರೆಯುವುದು. ಸೊಪ್ಪಿನ ಕಾಲ ಹತ್ತಿರ ಬಂದಾಗ ಊರಿನವರೆಲ್ಲ ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯುತ್ತಾರೆ. ಮಂಚಯ್ಯನವರು ಮಣ್ಣು ಮೆತ್ತುತ್ತಾರೆ, ಸುಣ್ಣ ಮುಟ್ಟುವುದಿಲ್ಲ. ಒಲೆಯ ಬಾಯಿ ಇರುವ ಕಡೆಯ ಹೊರಗೋಡೆ, ಚಪ್ಪರದ ನೆರಳಿನಲ್ಲಿ, ಆಳೆತ್ತರದಿಂದ ನೆಲದವರೆಗೆ ಇದ್ದಿಲಿನಲ್ಲಿ ಮಾಡಿದ ಭಾಗಾಕಾರದಿಂದ ತುಂಬಿಹೋಗಿದೆ. ಭಾಗಿಸಬೇಕಾದ ಸಂಖ್ಯೆ ಎಲ್ಲ ಕಡೆಯೂ ಒಂದೇ, 739391339. ಯಾವುದರಿಂದ ಭಾಗಿಸಿದ್ದಾರೆ ಅನ್ನುವುದು ಮಾತ್ರ ಬದಲಾಗುತ್ತ ಹೋಗುತ್ತದೆ.

ಊರಿನವರು ಆ ಗೋಡೆಯ ಕಡೆ ಕಣ್ಣು ಹಾಯಿಸುವುದಿಲ್ಲ. ಮಗಳ ದೆವ್ವ ಅಪ್ಪನ ಕೈ ಹಿಡಿದು ಬರೆಸುತ್ತದೆ ಎಂದು ಹೇಳಿಕೊಂಡು ತಿರುಗುತ್ತಾರೆ. ಅವರಿಗೇನು, ಬಾಯಿ ಇದೆ, ಹೊತ್ತು ಹೋಗಬೇಕು. ನಾನು ಪ್ರಮೀಳಾ, ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಹುಟ್ಟಿದ್ದು ಕೆ.ಆರ್. ನಗರದ ಪೇಟೆಯಲ್ಲಿ, ದೆವ್ವ ಗಿವ್ವ ನಂಬಿ ಬೆಳೆದವಳಲ್ಲ. ಆದರೂ ಸತ್ಯ ಹೇಳುತ್ತೇನೆ, ಆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಭಯವಾಗಿದೆ. ದೆವ್ವಕ್ಕಲ್ಲ, ಆ ಲೆಕ್ಕ ಮುಗಿಯುವ ದಿನಕ್ಕೆ.

ಮಂಚಯ್ಯನವರು ಏಳನೇ ತರಗತಿಗೆ ಓದು ಬಿಟ್ಟವರು. ಎರಡು ಎಕರೆ ಹೊಲ, ಒಂದು ಬ್ಯಾರನ್, ಸೊಪ್ಪು ಕಿತ್ತ ಮೇಲೆ ರಾಗಿ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆ ಸಿಟ್ಟು ಹಾಲು ಉಕ್ಕಿದ ಹಾಗೆ, ಉಕ್ಕಿ ಒಲೆ ಆರಿಸಿ ತಾನೂ ಆರಿಹೋಗುತ್ತದೆ. ಹೆಂಡತಿ ಚಿಕ್ಕಬೀರಮ್ಮ ಪಿರಿಯಾಪಟ್ಟಣದ ಕಡೆಯವರು. ಮದುವೆಯಾಗಿ ಬಹಳ ವರ್ಷಕ್ಕೆ ಒಬ್ಬಳೇ ಮಗಳು, ರಾಧಾ. ಆ ಮಗಳನ್ನು ಮಂಚಯ್ಯನವರು ಹೆಗಲ ಮೇಲಿಂದ ಇಳಿಸಿದ್ದು ಅವಳು ಸ್ಕೂಲಿಗೆ ಸೇರಿದ ದಿನ ಎಂದು ಬೀರಮ್ಮ ನಗುತ್ತ ಹೇಳುತ್ತಿದ್ದರು. ಆಗ ನಗುತ್ತಿದ್ದರು.

ರಾಧಾ ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ಬೋರ್ಡಿನ ಮೇಲೆ ಒಂದು ಆಟ ಬರೆದು ತೋರಿಸಿದೆ. ಒಂದನ್ನು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗೆ ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ. ನಮ್ಮ ಮಕ್ಕಳು ಒಡೆಯದ ಸಂಖ್ಯೆ ಅನ್ನುತ್ತಾರೆ, ನನಗೂ ಅದೇ ಇಷ್ಟ. 7 ಒಡೆಯುವುದಿಲ್ಲ. ಅದರ ಬಾಲಕ್ಕೆ 3 ಹಚ್ಚಿದರೆ 73, ಒಡೆಯುವುದಿಲ್ಲ. 739 ಒಡೆಯುವುದಿಲ್ಲ. 7393, ಅದೂ ಇಲ್ಲ. ಹೀಗೆ ಒಂದೊಂದೇ ಅಂಕಿ ಹಚ್ಚುತ್ತ ಹೋದರೆ 73939133ರವರೆಗೆ ಹೋಗಬಹುದು. ಎಂಟು ಅಂಕಿ. ಈ ಸಂಖ್ಯೆಯ ಬಾಲವನ್ನು ಹಿಂದಿನಿಂದ ಎಷ್ಟು ಬೇಕಾದರೂ ಕತ್ತರಿಸಿ, ಉಳಿದದ್ದು ಒಡೆಯುವುದಿಲ್ಲ. ಆದರೆ ಒಂಬತ್ತನೇ ಅಂಕಿ ಹಚ್ಚಿದಿರೋ, ಯಾವ ಅಂಕಿ ಹಚ್ಚಿದರೂ ಒಡೆಯುತ್ತದೆ. 7ರ ಬದಲು 2ರಿಂದಲೋ 3ರಿಂದಲೋ 5ರಿಂದಲೋ ಹೊರಟರೂ ಎಂಟು ದಾಟುವುದಿಲ್ಲ. ಇದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ, ನಾನು ಕಂಡುಹಿಡಿದದ್ದಲ್ಲ.

ಬೇರೆ ಮಕ್ಕಳು ಬೆಲ್ಲಿಗೆ ಕಾಯುತ್ತಿದ್ದರು. ರಾಧಾ ಎದ್ದು ನಿಂತು, "ಇರ್ಲಿ ಬುಡಿ ಮಿಸ್, ಒಂಬತ್ತನೇದ ನಾ ಉಡುಕ್ತೀನಿ" ಅಂದಳು.

"ಇಲ್ಲದ್ದನ್ನು ಏನಮ್ಮ ಹುಡುಕುತ್ತೀಯಾ?" ಅಂದೆ. ಅವಳು ಕೂತಳು, ಆದರೆ ಒಪ್ಪಿ ಕೂತದ್ದಲ್ಲ ಎಂದು ಮುಖ ಹೇಳುತ್ತಿತ್ತು.

ಆಟ ಮನೆಗೆ ಹೋಯಿತು. ಸೊಪ್ಪು ಬೇಯಿಸುವಾಗ ವಾರಗಟ್ಟಲೆ ಒಲೆಯ ಮುಂದೆ ಕೂರಬೇಕು. ಶಾಖ ಏರಿದರೆ ಸೊಪ್ಪು ಹೊತ್ತಿಕೊಳ್ಳುತ್ತದೆ, ಇಳಿದರೆ ಕಪ್ಪಾಗುತ್ತದೆ. ಸೌದೆ ತಳ್ಳುವುದು, ಸುಮ್ಮನೆ ಕೂರುವುದು, ಮತ್ತೆ ಸೌದೆ ತಳ್ಳುವುದು. ಆ ಸುಮ್ಮನೆ ಕೂರುವ ಹೊತ್ತಿನಲ್ಲಿ ಅಪ್ಪ ಮಗಳು ಇದ್ದಿಲು ಹಿಡಿದು ಗೋಡೆಗೆ ಕೂತರು. ಏಳನೇ ತರಗತಿಯ ಭಾಗಾಕಾರ ಮಂಚಯ್ಯನವರಿಗೆ ಚೆನ್ನಾಗಿಯೇ ನೆನಪಿತ್ತು. ರಾಧಾ ಡಿಗ್ರಿಗೆ ಹುಣಸೂರಿನ ಕಾಲೇಜು ಸೇರಿದ ಮೇಲೂ ಸಂಜೆ ಬಸ್ಸಿಳಿದು ಬಂದವಳನ್ನು ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಏನ್ ಮಗಾ, ಬಾಲ ಬೆಳೀತಾ?"

ಆಮೇಲೆ ಆ ಸೊಪ್ಪಿನ ಕಾಲ ಬಂತು. ಮಂಚಯ್ಯನವರು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಹುಣಸೂರಿಗೆ ಹೋಗುವಾಗ ಒಲೆಯನ್ನು ರಾಧಾಳಿಗೆ ಒಪ್ಪಿಸಿ ಹೋದರು. ಅವಳು ಲೆಕ್ಕದಲ್ಲಿ ಮುಳುಗಿದಳು, ಸೌದೆ ಮರೆತಳು, ಬೆಂಕಿ ಇಳಿಯಿತು. ಇವರು ಬಂದು ಗೋಡೆಯ ಮೇಲೆ ಅಂಗೈ ಇಟ್ಟರೆ ಬೆಚ್ಚಗೂ ಇರಲಿಲ್ಲ. ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗಿತ್ತು. ಕೈಗೆ ಸಿಕ್ಕ ಸೊಪ್ಪಿನ ಕಡ್ಡಿಯಲ್ಲಿ ಮಗಳಿಗೆ ಬಾರಿಸಿದರು. ಹುಟ್ಟಿದಾಗಿನಿಂದ ಅದೇ ಮೊದಲು. ಬಾರಿಸಿ, "ನಿನ್ ಲೆಕ್ಕ ಕಟ್ಕಂಡ್ ಓಗಿ ಕೆರೆಗ್ ಬೀಳು, ಓಗು" ಅಂದರು. ನಮ್ಮ ಕಡೆ ಈ ಮಾತನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಅನ್ನುತ್ತಾರೆ, ಹಾಲು ಕೊಡದ ಎಮ್ಮೆಗೂ ಅನ್ನುತ್ತಾರೆ. ಅಂದವರಿಗೆ ನೆನಪಿರುವುದಿಲ್ಲ, ಅನ್ನಿಸಿಕೊಂಡವರಿಗೂ ಇರುವುದಿಲ್ಲ.

ಅಪ್ಪ ಮಗಳ ಮಧ್ಯೆ ಮಾತು ನಿಂತಿತು. ಅದೇ ವಾರ ಒಂದು ಸಂಜೆ ರಾಧಾ ಬಸ್ ಸ್ಟ್ಯಾಂಡಿನಿಂದ ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ, ಒಂಬತ್ತನೇದು ಸಿಕ್ತು ಕಣಪ್ಪಾ. ಫೋನಲ್ ಏಳಾಕಿಲ್ಲ. ಮನೆಗ್ ಬಂದ್ ಏಳ್ತೀನಿ." ಮಂಚಯ್ಯನವರು "ಊಂ" ಅಂದು ಫೋನ್ ಇಟ್ಟರು.

ಅವಳು ಮನೆಗೆ ಬರಲಿಲ್ಲ. ಬಸ್ಸಿಳಿದು ಕೆರೆ ಏರಿಯ ಮೇಲಿನ ಒಳದಾರಿ ಹಿಡಿದಿದ್ದಳು. ತೂಬಿನ ಪಕ್ಕದ ಮೆಟ್ಟಿಲ ಮೇಲೆ ಬ್ಯಾಗೂ, ಬಿಟ್ಟ ಚಪ್ಪಲಿಯೂ ಸಿಕ್ಕವು. ಅವಳು ಮಾರನೇ ದಿನ ಸಿಕ್ಕಳು.

ಚಪ್ಪಲಿ ಬಿಟ್ಟಿದ್ದಾಳೆ ಅಂದರೆ ಹಾರಿಕೊಂಡಿದ್ದಾಳೆ ಎಂದು ಊರು ತೀರ್ಮಾನಿಸಿತು. ಅಪ್ಪ ಹೊಡೆದಿದ್ದ, ಕೆರೆಗೆ ಬೀಳು ಅಂದಿದ್ದ, ಬಿದ್ದಳು. ಚಿಕ್ಕಬೀರಮ್ಮ ಒಬ್ಬರೇ ಒಪ್ಪಲಿಲ್ಲ. ಏರಿಯ ಕೆಸರು ತೊಳೆಯಲು ರಾಧಾ ದಿನಾ ಆ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ನೀರಿಗೆ ಕಾಲಿಡುತ್ತಿದ್ದಳು. "ನನ್ ಮಗ್ಳು ಜಾರವ್ಳೆ" ಅಂದರು. ಹೇಗೆ ಗೊತ್ತು ಎಂದು ಕೇಳಿದವರಿಗೆ, "ನಂಗ್ ಗೊತ್ತು" ಅನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ. ತಾಯಿ ಹೃದಯ, ಹಾಗೇ ಅನ್ನುತ್ತದೆ ಎಂದು ಜನ ಸುಮ್ಮನಾದರು. ನಾನೂ ಹಾಗೇ ಅಂದುಕೊಂಡೆ.

ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡವರಿಗೆ ಇಷ್ಟವಾದ ಅಡುಗೆ ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ಹೊಸ ಬಟ್ಟೆಯ ಜೊತೆಗೆ ಎಡೆ ಇಡುವ ದಿನ. ಬೀರಮ್ಮ ಮಗಳಿಗೆ ಎಡೆ ಇಡಲು ಹೊರಟರು. ಮಂಚಯ್ಯನವರ ದಾಯಾದಿಗಳಲ್ಲಿ ಹಿರಿಯರೊಬ್ಬರು ತಡೆದರು. ತಾವಾಗಿ ಹೋದವರಿಗೆ ನಮ್ಮ ಮನೆತನದಲ್ಲಿ ಎಡೆ ಇಟ್ಟಿಲ್ಲ, ಮುಂದೆಯೂ ಇಡಬಾರದು ಅಂದರು. ಬೀರಮ್ಮ ಗಂಡನ ಮುಖ ನೋಡಿದರು. ಮಂಚಯ್ಯನವರು ಇಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೇಲಂಗಿ ಹಾಕಿಕೊಂಡು ನೇರವಾಗಿ ನನ್ನ ಮನೆಗೆ ಬಂದರು.

ಅವರು ಬಾಗಿಲಲ್ಲಿ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ಮೇಡಂ, ಆ ಒಂಬತ್ತನೇದು ಐತಾ?"

"ಯಾಕೆ ಮಂಚಯ್ಯನವರೆ?"

"ಸಿಕ್ತು, ಬಂದ್ ಏಳ್ತೀನಿ ಅಂದ್ಲು. ಅದು ಇದ್ರೆ ನನ್ ಮಗ್ಳು ಮನೆಗೆ ಬತ್ತಿದ್ಲು. ದಾರೀಲಿ ಜಾರವ್ಳೆ. ಇಲ್ದಿದ್ರೆ..." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಲ್ದಿದ್ರೆ ಅಪ್ಪನ್ನ ಸಮಾಧಾನ ಮಾಡಾಕೆ ಒಂದ್ ಸುಳ್ಳೇಳಿ ಓದ್ಲು ಅಂತ್ಲೇ ಅಲ್ವಾ?" ಅಂದರು.

ಬೇರೆ ಯಾರಾದರೂ ಆಗಿದ್ದರೆ ಇದೆ ಅಂದುಬಿಡುತ್ತಿದ್ದರೋ ಏನೋ. ನನಗೆ ಲೆಕ್ಕದಲ್ಲಿ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. "ಇಲ್ಲ. ಆದರೆ ಅವಳು ಭಾಗಿಸುವಾಗ ಎಲ್ಲೋ ತಪ್ಪಿರಬಹುದು, ತಪ್ಪಿ ಸಿಕ್ಕಿತು ಅಂದುಕೊಂಡಿರಬಹುದು" ಅಂದೆ.

"ರಾಧಾ ಭಾಗಾಕಾರ ತಪ್ಪಾಕಿಲ್ಲ ಮೇಡಂ" ಅಂದರು. ಅದು ನನಗೂ ಗೊತ್ತಿತ್ತು. ಒಂದು ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡದೆ ಸರಿ ಎನ್ನುವ ಹುಡುಗಿಯೇ ಅಲ್ಲ ಅವಳು.

ಆ ವರ್ಷ ಎಡೆ ಇಡಲಿಲ್ಲ. ಮಂಚಯ್ಯನವರು ನನ್ನ ಮಾತನ್ನು ನಂಬಲೂ ಇಲ್ಲ, ಕಂಪ್ಯೂಟರನ್ನು ನಂಬಲೂ ಇಲ್ಲ, ಸ್ವತಃ ಇದ್ದಿಲು ಹಿಡಿದರು. ಬಾಲಕ್ಕೆ ಹಚ್ಚಬಹುದಾದ್ದು 1, 3, 7, 9 ಇಷ್ಟೇ. ಮಿಕ್ಕವು ಎರಡರಿಂದಲೋ ಐದರಿಂದಲೋ ಒಡೆಯುತ್ತವೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1 ಹಚ್ಚಿದರೂ 7 ಹಚ್ಚಿದರೂ ಮೂರರಿಂದಲೇ ಒಡೆಯಿತು. ಉಳಿದದ್ದು 3 ಮತ್ತು 9. ಮುಂದಿನ ವರ್ಷ ಸೊಪ್ಪಿನ ಕಾಲದಲ್ಲಿ ಒಂದು ದಿನ ಸ್ಕೂಲಿನ ಗೇಟಿನ ಹತ್ತಿರ ಕಾಯುತ್ತಿದ್ದರು. ಕೈಯೆಲ್ಲ ಮಸಿ.

"ಮೂರು ಓಯ್ತು ಮೇಡಂ. ನೂರಿಪ್ಪತ್ತೇಳಕ್ಕೆ ಸರಿಯಾಗ್ ಓಯ್ತು, ಶೇಷ ಉಳೀನಿಲ್ಲ."

ಅಂದಿನಿಂದ ಉಳಿದದ್ದು ಒಂಬತ್ತು ಹಚ್ಚಿದ್ದು ಒಂದೇ, ಗೋಡೆ ತುಂಬ ಇರುವ ಈ 739391339. ಅದೂ ಒಡೆಯುತ್ತದೆ. ಯಾವುದರಿಂದ ಒಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಆ ಸಂಖ್ಯೆಯನ್ನು ನಾನು ಯಾರಿಗೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ಮಂಚಯ್ಯನವರಿಗೆ ನನಗೆ ಗೊತ್ತು ಅನ್ನುವುದು ಗೊತ್ತಿತ್ತು. "ಏಳ್ಬ್ಯಾಡಿ" ಅಂದಿದ್ದರು, ಅಷ್ಟೇ.

ಅವರಿಗೆ ಬೇಗ ಮುಗಿಸುವ ಮನಸ್ಸಿರಲಿಲ್ಲ. ಒಂದೊಂದು ಭಾಗಾಕಾರವನ್ನೂ ಮಾಡಿ, ಅಳಿಸಿ, ಮತ್ತೆ ಮಾಡುತ್ತಿದ್ದರು. ಶೇಷ ಉಳಿಯಿತು ಅಂದರೆ ಮಗಳು ಇನ್ನೂ ಸುಳ್ಳು ಹೇಳಿಲ್ಲ. ಅದನ್ನು ನೋಡಿ ಒಂದು ಬೀಡಿ ಹಚ್ಚುತ್ತಿದ್ದರು, ಆವತ್ತಿಗೆ ಇನ್ನೊಂದು ಲೆಕ್ಕ ಮುಟ್ಟುತ್ತಿರಲಿಲ್ಲ. ಕೂರುವುದು ಯಾವಾಗಲೂ ಕೆರೆಗೆ ಬೆನ್ನು ಹಾಕಿ. ಏರಿಯ ಮೇಲಿನ ದಾರಿ ಬಿಟ್ಟು ಸುತ್ತಿಕೊಂಡು ಊರಿಗೆ ಹೋಗುತ್ತಿದ್ದರು. ಮಾತಾಡುತ್ತ ಮಾತಾಡುತ್ತ ಸಟ್ಟನೆ ಸುಮ್ಮನಾಗಿ ಏನನ್ನೋ ಆಲಿಸುತ್ತಿದ್ದರು. ಏನು ಅಂದರೆ, "ಏನಿಲ್ಲ, ಸೌದೆ ಸಿಡೀತು" ಅನ್ನುತ್ತಿದ್ದರು. ಸೌದೆ ಸಿಡಿದಿರುತ್ತಿರಲಿಲ್ಲ, ಒಲೆ ತಣ್ಣಗಿರುತ್ತಿತ್ತು.

ನನ್ನನ್ನೂ ಅದು ಬಿಡಲಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ನಿಂತಾಗ ಎದುರಿನ ಅಂಗಡಿಯ ಬೋರ್ಡಿನಲ್ಲಿ ಫೋನ್ ನಂಬರ್ ಕಂಡರೆ ಬಾಲ ಕತ್ತರಿಸಿ ಕತ್ತರಿಸಿ ನೋಡುತ್ತಿದ್ದೆ. ತರಗತಿಯಲ್ಲಿ ಆ ಆಟ ಹೇಳುವುದನ್ನು ಬಿಟ್ಟೆ. ಸೊಪ್ಪಿನ ಕಾಲದಲ್ಲಿ ವಾರಕ್ಕೊಮ್ಮೆ ಮಂಚಯ್ಯನವರ ಬ್ಯಾರನ್ನಿಗೆ ಹೋಗಿ, ಬೀರಮ್ಮ ಕೊಡುವ ಕಾಫಿ ಕುಡಿಯುವ ಮೊದಲು ಗೋಡೆ ನೋಡುತ್ತಿದ್ದೆ, ಎಲ್ಲಿಗೆ ಬಂದಿದ್ದಾರೆ ಎಂದು. ಈ ವರ್ಷ ಭಾಗಿಸುವ ಸಂಖ್ಯೆ ಐನೂರರ ಹತ್ತಿರ ಬಂದಿತ್ತು. ಲೆಕ್ಕ ಮುಗಿಯುವ ಭಯ ನನಗೆ ಹೆಚ್ಚಿತು. ಗೋಡೆಗೆ ಒಂದು ಬಕೆಟ್ ನೀರು ಎರಚಿಬಿಡೋಣ ಅನ್ನುವಷ್ಟು ಸಿಟ್ಟೂ ಬರುತ್ತಿತ್ತು, ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ.

ಈ ವರ್ಷ ಕೊನೆಯ ಸಲ ಬ್ಯಾರನ್ನಿಗೆ ಸೊಪ್ಪು ತುಂಬುವ ದಿನ ನಾನು ಅಲ್ಲೇ ಇದ್ದೆ. ಮಹಾಲಯ ಅಮಾವಾಸ್ಯೆಗೆ ನಾಲ್ಕೇ ದಿನ ಉಳಿದಿತ್ತು. ಚಪ್ಪರದ ಕೆಳಗೆ ನಾಲ್ಕೈದು ಹೆಂಗಸರು ಹಸಿ ಸೊಪ್ಪನ್ನು ಉದ್ದ ಕಡ್ಡಿಗಳಿಗೆ ಕಟ್ಟುತ್ತಿದ್ದರು. ಕಟ್ಟಿದ ಕಡ್ಡಿಯನ್ನು ಒಬ್ಬೊಬ್ಬರೇ ಎತ್ತಿಕೊಟ್ಟ ಹಾಗೆ ಮಂಚಯ್ಯನವರು ಬಾಗಿಲಲ್ಲಿ ನಿಂತು ಎಣಿಸಿ ಒಳಗಿನವರಿಗೆ ದಾಟಿಸುತ್ತಿದ್ದರು. ಮೊದಲನೆಯ ಕಡ್ಡಿಯನ್ನು ಮಾತ್ರ ದಾಟಿಸಲಿಲ್ಲ. "ಲಾಭ" ಅಂದು ಅದಕ್ಕೆ ಅರಿಶಿನ ಹಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ "ಎಲ್ಡು, ಮೂರು, ನಾಕು" ಎಂದು ಮುಂದುವರಿಸಿದರು. ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುವುದನ್ನು ನಾನೂ ಕೇಳಿದ್ದೆ. ಹಳ್ಳಿ ಕಡೆ ಇದೇನು ಹೊಸದಲ್ಲ, ನಾನು ಅದರ ಬಗ್ಗೆ ಯೋಚಿಸಿದವಳೂ ಅಲ್ಲ.

ಕೊನೆಯ ಕಡ್ಡಿಗೆ ಸೊಪ್ಪು ಸಾಲದೆ ಬಂತು. ಕಟ್ಟುತ್ತಿದ್ದವರಲ್ಲಿ ರಾಮಮ್ಮ ಅನ್ನುವವರು ಗೋಡೆಗೆ ಒರಗಿದ್ದ ಆ ಮೊದಲ ಕಡ್ಡಿಯಿಂದ ನಾಲ್ಕೆಲೆ ಕೀಳಲು ಕೈ ಹಾಕಿದರು.

"ಏಯ್, ಲಾಭ ಒಡೀಬ್ಯಾಡ!" ಎಂದು ಮಂಚಯ್ಯನವರು ಕೂಗಿದರು. ರಾಮಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

"ನಾಲ್ಕೆಲೆ ತಗೊಂಡರೆ ಏನಾಗುತ್ತೆ?" ಅಂದೆ ನಾನು. ಬಾಯಿ ಸುಮ್ಮನಿರುವುದಿಲ್ಲ ನನಗೆ.

"ನಮ್ ಮನೇಲಿ ಲಾಭಾನ ಒಡೆಯಾಕಿಲ್ಲ ಮೇಡಂ. ನಮ್ಮಪ್ಪನ ಕಾಲ್ದಿಂದ್ಲೂ ಅಷ್ಟೆ. ಮಿಕ್ಕಿದ್ದ ಯಾವುದ್ನಾರಾ ಒಡೀರಿ, ಅಂಚ್ರಿ. ಲಾಭ ಒಡೆಯಾಕಿಲ್ಲ. ರಾಧಂಗೆ ಎಣ್ಸಾಕೆ ಕಲಿಸ್ದಾಗ್ಲೇ ಏಳ್ಕೊಟ್ಟಿದ್ದೆ. ಸ್ಕೂಲಿಗ್ ಸೇರೋಗಂಟ ಒಂದು ಅಂತ್ಲೇ ಅನ್ನೋಳಲ್ಲ ಅವ್ಳು. ಲಾಭ, ಎಲ್ಡು, ಮೂರು."

ಆಗ ನನಗೆ ಒಂದು ನೆನಪಾಯಿತು. ಅವಳ ತರಗತಿಯಲ್ಲಿ ನಾನು ಆ ಆಟ ಬರೆದ ದಿನ ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. ಒಂದು ಒಡೆಯುವುದಿಲ್ಲವಲ್ಲ ಮಿಸ್, ಅದನ್ಯಾಕೆ ಸೇರಿಸುವುದಿಲ್ಲ ಎಂದು. ಒಂದು ಅವಿಭಾಜ್ಯವಲ್ಲ, ಅದು ಗಣಿತದ ನಿಯಮ, ಬರೆದುಕೋ ಅಂದಿದ್ದೆ. ಬರೆದುಕೊಂಡಿದ್ದಳು. ಪರೀಕ್ಷೆಯಲ್ಲೂ ಹಾಗೇ ಬರೆದಿದ್ದಳು. ಆದರೆ ಅವಳ ಮನೆಯಲ್ಲಿ ಮೊದಲನೆಯದು ಎಲ್ಲಕ್ಕಿಂತ ಒಡೆಯದ್ದು. ಅಪ್ಪನಿಗಾಗಿ ಆಡುವ ಆಟವನ್ನು ಅವಳು ಯಾವ ನಿಯಮದಿಂದ ಆಡಿಯಾಳು?

ಫೋನ್ ತೆಗೆದೆ. 1ರಿಂದ ಹೊರಟೆ. 19, ಒಡೆಯುವುದಿಲ್ಲ. 197, 1979. ಅಲ್ಲಿಂದ ಮುಂದೆ ಒಂದೊಂದೇ ಅಂಕಿ ಹಚ್ಚಿ, ಒಡೆಯುತ್ತದೋ ಇಲ್ಲವೋ ಹೇಳುವ ಪುಟದಲ್ಲಿ ಹಾಕಿ ನೋಡುತ್ತ ಹೋದೆ. 19793393 ಎಂಟು ಅಂಕಿ. ಅದರ ಬಾಲಕ್ಕೆ 3 ಹಚ್ಚಿದೆ. 197933933. ಒಡೆಯುವುದಿಲ್ಲ. ಒಂಬತ್ತನೇ ಅಂಕಿ ಇತ್ತು. ಹತ್ತನೆಯದೂ ಇತ್ತು, 1979339339, ಅವಳು ಬದುಕಿದ್ದರೆ ಮಾರನೇ ದಿನ ಅದನ್ನೂ ಹುಡುಕುತ್ತಿದ್ದಳು.

ಕೆಲಸದವರು ಹೋಗುವವರೆಗೂ ಕಾದೆ. ಮಂಚಯ್ಯನವರನ್ನು ಕರೆದು, ಇದ್ದಿಲು ತೆಗೆದುಕೊಂಡು ಗೋಡೆಯ ಮೂಲೆಯಲ್ಲಿ ಖಾಲಿ ಇದ್ದಷ್ಟು ಜಾಗದಲ್ಲಿ 197933933 ಎಂದು ಬರೆದೆ.

"ಇದು ರಾಧಾಗೆ ಸಿಕ್ಕಿದ್ದು" ಅಂದೆ.

ಅವರು ಬಹಳ ಹೊತ್ತು ನೋಡಿದರು. ಹಿಂದಿನಿಂದ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಮುಚ್ಚುತ್ತ ಬಂದರು. ಕೊನೆಗೆ ಬೆರಳು ಮೊದಲನೆಯ ಅಂಕಿಯ ಪಕ್ಕ ನಿಂತಿತು.

"ಒಂದ್ರಿಂದ ಶುರು ಮಾಡಂಗಿಲ್ಲ ಅಂತಿದ್ರಲ್ಲ ಮೇಡಂ ನೀವು?"

"ನಾನು ಅಂದದ್ದು ಪುಸ್ತಕದ ಮಾತು. ಅವಳು ಒಂದರಿಂದ ಶುರು ಮಾಡಲಿಲ್ಲ, ನಿಮ್ಮ ಲಾಭದಿಂದ ಶುರು ಮಾಡಿದಳು. ಮನೆಗೆ ಬಂದು ಹೇಳಬೇಕು ಅಂದದ್ದು ಅದಕ್ಕೇ. ಫೋನಿನಲ್ಲಿ ಹೇಳಿದರೆ ನಿಮ್ಮ ಮುಖ ಅವಳಿಗೆ ಕಾಣುತ್ತಿರಲಿಲ್ಲ."

ಅವರು ಗೋಡೆಗೆ ಅಂಗೈ ಒತ್ತಿಕೊಂಡು ನಿಂತರು, ಶಾಖ ನೋಡುವಾಗ ನಿಲ್ಲುವ ಹಾಗೆ. ಆಮೇಲೆ ಮನೆಯ ಕಡೆ ತಿರುಗಿ, "ಲೇ, ನಮ್ ಕೂಸು ಸುಳ್ಳೇಳ್ನಿಲ್ಲ ಕಣೇ! ಅವ್ಳು ಮನೆಗ್ ಬತ್ತಿದ್ಲು ಕಣೇ!" ಎಂದು ಕೂಗಿದರು. ಅಷ್ಟು ದೊಡ್ಡ ಗಂಡಸು ಬಾಯಿ ಬಿಟ್ಟು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೂ ಅಳು ಬಂತು. ಖುಷಿಯೂ ಆಯಿತು, ಮುಚ್ಚಿಡುವುದೇನು. ಆರು ವರ್ಷದ ಭಾರ ಇಳಿಯಿತು ಅಂದುಕೊಂಡೆ. ಬೀರಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರು ಅಳಲಿಲ್ಲ, "ನಾ ಏಳ್ನಿಲ್ವಾ" ಅಂದು ಒಳಗೆ ಹೋದರು.

ಅಮಾವಾಸ್ಯೆಯ ದಿನ ನನ್ನನ್ನೂ ಕರೆದಿದ್ದರು. ಮಂಚಯ್ಯನವರು ದಾಯಾದಿಗಳನ್ನು ಕೇಳಲು ಹೋಗಿರಲಿಲ್ಲ. ಕೊಪ್ಪದ ಅಂಗಡಿಯಿಂದ ತಾವೇ ಹೋಗಿ ಹಸಿರು ಚೂಡಿದಾರ ತಂದಿದ್ದರು. ಕಜ್ಜಾಯ, ಹುರುಳಿ ಸಾರು, ಮುದ್ದೆ, ಅವಳಿಗೆ ಇಷ್ಟವೆಂದು ಎರಡು ಬೇಯಿಸಿದ ಮೊಟ್ಟೆ. ಬಡಿಸಿ, ಧೂಪ ಹಾಕಿ, ತೀರಿಕೊಂಡವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಮೂವರೂ ಜಗಲಿಯ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲು. ಎದುರಿಗೆ ಬ್ಯಾರನ್, ಅದರಾಚೆ ಕೆರೆ ಏರಿ. ಮಂಚಯ್ಯನವರು ಆವತ್ತು ಏರಿಯ ಕಡೆ ಮುಖ ಮಾಡಿ ಕೂತಿದ್ದರು.

ಮೊದಲಿಗೆ ನಗುನಗುತ್ತಲೇ ಇದ್ದರು. ಅವಳು ಸಣ್ಣವಳಿದ್ದಾಗ ಕಜ್ಜಾಯ ಕದ್ದದ್ದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಂ, ಜಾರಿ ಬಿದ್ದೋರು ಕೂಗ್ತಾರೆ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ಕೆರೆಗ್ ಆರ್ಕಂಡೋರು ಯಾಕ್ ಕೂಗ್ತಾರೆ, ಕೂಗಾಕಿಲ್ಲ. ಅದ್ಕೇ ನಂಗೇನೂ ಕೇಳ್ನಿಲ್ಲ ಅನ್ಕಂಡು ಇಷ್ಟ್ ವರ್ಷ ಇದ್ದೆ. ಈಗ ನೋಡುದ್ರೆ ಜಾರವ್ಳೆ. ಜಾರಿದ್ರೆ ಕೂಗಿರ್ತಾಳೆ. ನೋಡಿ, ಏರಿ ಎಷ್ಟ್ ದೂರ? ಆ ಒತ್ನಲ್ಲಿ ನಾ ಒಲೆ ಮುಂದ್ಲೇ ಕೂತಿದ್ದೆ. ಅವ್ಳು ಬಂದು ಮಾತಾಡುಸುದ್ರೂ ಮಾತಾಡ್ಬಾರ್ದು ಅಂತ ರೇಡಿಯೋ ಜೋರಾಗ್ ಆಕಂಡಿದ್ದೆ." ಅವರ ಧ್ವನಿ ಮಕ್ಕಳ ಧ್ವನಿಯ ಹಾಗೆ ಸಣ್ಣಗಾಗಿತ್ತು. "ಕೂಗಿರ್ತಾಳಾ ಮೇಡಂ?"

"ಎಲ್ಲರಿಗೂ ಕೂಗಲು ಆಗುವುದಿಲ್ಲ ಮಂಚಯ್ಯನವರೆ. ನೀರು ಒಳಗೆ ಹೋದರೆ..." ಎಂದು ನಾನು ಏನೋ ತೊದಲಿದೆ.

"ಕೂಗುದ್ಲು" ಅಂದರು ಚಿಕ್ಕಬೀರಮ್ಮ.

ಇಬ್ಬರೂ ಅವರ ಕಡೆ ನೋಡಿದೆವು. ಅವರು ನಮ್ಮನ್ನು ನೋಡುತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಇತ್ಲಲ್ಲಿ ಪಾತ್ರೆ ಬೆಳಗ್ತಿದ್ದೆ. ಏರಿ ಕಡೆಯಿಂದ ಅಪ್ಪಾ ಅಂದ್ಲು. ಇನ್ನೊಂದ್ ಸಲ ಅಂದ್ಲು. ನಿಮ್ಮನ್ನ ಕರೀತಾವ್ಳೆ ಅನ್ಕಂಡೆ. ಲೆಕ್ಕ ಸಿಕ್ಕಿರ್ಬೇಕು, ಅಪ್ಪ ಮಗ್ಳು ರಾಜಿ ಆಯ್ತಾವ್ರೆ, ನಾ ಯಾಕ್ ಮಧ್ಯಕ್ ಓಗ್ಲಿ ಅನ್ಕಂಡೆ. ಕೈ ತೊಳ್ಕಂಡ್ ಒಳಕ್ ಬಂದು ಮೂರ್ ಜನಕ್ಕೆ ಕಾಫಿಗಿಟ್ಟೆ." ಸೆರಗಿನ ಸುತ್ತು ಬಿಚ್ಚಿ ಅಂದರು, "ಆವಾಗ್ಲೇ ಏಳಿದ್ರೆ ನೀವು ಉಳೀತಿರ್ನಿಲ್ಲ. ಅದ್ಕೇ ಏಳ್ನಿಲ್ಲ."

ಮಂಚಯ್ಯನವರು ಅಲುಗಾಡಲಿಲ್ಲ. ಹೆಂಡತಿಯನ್ನು ಬೈಯಲಿಲ್ಲ, ಮುಟ್ಟಲಿಲ್ಲ, ಏರಿಯ ಕಡೆ ನೋಡುತ್ತ ಕೂತಿದ್ದರು. ಅವರ ತುಟಿ ಆಡುತ್ತಿತ್ತು. ಹತ್ತಿರದಲ್ಲಿದ್ದದ್ದರಿಂದ ನನಗೆ ಕೇಳಿಸಿತು. "ಬಂದೆ ಮಗಾ, ಬಂದೆ" ಅನ್ನುತ್ತಿದ್ದರು.

ಬಾಗಿಲು ತೆಗೆಯುವ ಹೊತ್ತು ಮೀರಿತ್ತು. ಮನೆಯವರೇ ತೆಗೆಯಬೇಕು, ಆದರೆ ಇಬ್ಬರೂ ಏಳಲಿಲ್ಲ. ಕೊನೆಗೆ ಹೊರಗಿನವಳಾದ ನಾನೇ ಎದ್ದು ಬಾಗಿಲು ತಳ್ಳಿದೆ. ಎಲೆಯ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು, ಸಾರು ತಣ್ಣಗಾಗಿತ್ತು.